ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಏಕೆ ಬೇಕು?

2024ರ ಸೆಪ್ಟೆಂಬರ್ 1ರಿಂದ ವಿಶಾಖಪಟ್ಟಣದಲ್ಲಿ ಬೈಕು ಓಡಿಸುವವರ ಜೊತೆಗೆ ಹಿಂದೆ ಕೂರುವವರೂ ಹೆಲ್ಮೆಟ್ ಹಾಕಲೇಬೇಕೆಂದು ಪೊಲೀಸರು ಬಿಗಿ ಮಾಡಿದರು. ತಪ್ಪಿದರೆ 1,035 ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು. ಇದು ಹೊಸ ಕಾನೂನೇನಲ್ಲ. ಕರ್ನಾಟಕದಲ್ಲಿ 2016ರ ಜನವರಿಯಲ್ಲೇ ಈ ನಿಯಮ ಜಾರಿಗೆ ಬಂದಿತ್ತು. ಆದರೂ ನಮ್ಮ ಊರುಗಳಲ್ಲಿ ಹಿಂದಿನ ಸೀಟಿನ ಹೆಲ್ಮೆಟ್ ಹೆಚ್ಚಾಗಿ ಮೊಣಕೈಗೆ ನೇತಾಡುತ್ತಿರುತ್ತದೆ.

ಈ ನಗರಗಳ ರಸ್ತೆ ನೋಡಿದರೆ ಪೊಲೀಸರ ಆತಂಕ ಅರ್ಥವಾಗುತ್ತದೆ. ಚೆನ್ನೈ–ಕೋಲ್ಕತ್ತ ಹೆದ್ದಾರಿ ವಿಶಾಖಪಟ್ಟಣದ ಗಾಜುವಾಕ, ಮದ್ದಿಲಪಾಲೆಂಗಳ ನಡುವೆಯೇ ಹಾದುಹೋಗುತ್ತದೆ. ಬಂದರಿನ ಲಾರಿಗೂ ತರಕಾರಿ ತರುವ ಸ್ಕೂಟರಿಗೂ ಅದೇ ದಾರಿ. ನಮ್ಮ ಹುಮನಾಬಾದ್ ಮೂಲಕ ಹಾದುಹೋಗುವ ಪುಣೆ–ಮಚಲೀಪಟ್ಟಣ ಹೆದ್ದಾರಿ ಇದೇ ಹೆದ್ದಾರಿಯನ್ನು ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಕೂಡುತ್ತದೆ. ಅಲ್ಲಿ ಮೇಲ್ಸೇತುವೆಗಳು ಬಂದಿವೆ. ದೂರದ ವಾಹನಗಳು ಮೇಲೆ ಹೋಗುತ್ತವೆ, ಕೆಳಗೆ ಆಟೊ, ಬೈಕು, ಪಾದಚಾರಿಗಳ ನೂಕುನುಗ್ಗಲು ಉಳಿದೇ ಇದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು. ಹ್ಯಾಂಡಲ್ ಅವರ ಕೈಯಲ್ಲಿರುವುದಿಲ್ಲ, ಬ್ರೇಕ್ ಬೀಳುವುದು ಮೊದಲೇ ಗೊತ್ತಾಗುವುದಿಲ್ಲ. ಸೀರೆಯುಟ್ಟು ಒಂದು ಪಕ್ಕಕ್ಕೆ ಕೂತವರಿಗಂತೂ ಹಿಡಿತವೇ ಕಡಿಮೆ.

ಹೆಲ್ಮೆಟ್ ಒಳಗಿನ ಥರ್ಮೋಕೋಲಿನಂಥ ಪದರ ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆ ನಿಲ್ಲುವ ವೇಗವನ್ನು ನಿಧಾನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸರಿಯಾಗಿ ಹಾಕಿಕೊಂಡರೆ ಮಿದುಳಿಗೆ ಪೆಟ್ಟಾಗುವ ಸಾಧ್ಯತೆ ಶೇ 74ರವರೆಗೆ ತಗ್ಗುತ್ತದೆ. ಸರಿಯಾಗಿ ಎಂದರೆ ಐಎಸ್‌ಐ ಗುರುತಿನದು, ಗದ್ದದ ಪಟ್ಟಿ ಬಿಗಿದದ್ದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.

ಫಾರ್ಮಸಿಸ್ಟ್ ಆಗಿ ಇನ್ನೊಂದು ಮಾತು ಹೇಳಲೇಬೇಕು. "ಬೈಕಿಂದ ಬಿದ್ದೆ, ತಲೆನೋವು, ಒಂದು ಮಾತ್ರೆ ಕೊಡಿ" ಎಂದು ಮೆಡಿಕಲ್ ಶಾಪಿಗೆ ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆಬುರುಡೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ಗಂಟೆಗಟ್ಟಲೆ ಕಳೆದ ಮೇಲೆ ಗೊತ್ತಾಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್ ರಕ್ತ ಹೆಪ್ಪುಗಟ್ಟುವುದನ್ನು ತಡೆದು ಅದನ್ನು ಹೆಚ್ಚಿಸಬಹುದು. ಹೆಚ್ಚುತ್ತಿರುವ ತಲೆನೋವು, ಮತ್ತೆಮತ್ತೆ ವಾಂತಿ, ಅತಿಯಾದ ಮಂಪರು, ತೊದಲು ಮಾತು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ನೀರು, ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದರೆ ಯಾವ ಲಕ್ಷಣ ಇಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಮಾತ್ರೆಯ ಚೀಟಿಯನ್ನೂ ಒಯ್ಯಿರಿ.

ಬೇರೆಯವರು ಬಿದ್ದುದನ್ನು ಕಂಡರೆ 108ಕ್ಕೆ ಕರೆ ಮಾಡಿ. ಪೊಲೀಸ್ ಕಾಟದ ಭಯ ಬೇಡ: ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿಂದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.