ಬ್ಯಾಚಿನ ವೆಬ್‌ಸೈಟಿನ ಬೀಗದ ಕೈ ಯಾರ ಬಳಿ ಇದೆ?

ರಾತ್ರಿ ಹತ್ತೂವರೆಯ ಹೊತ್ತಿಗೆ ದಮ್ಮಾಮ್‌ನಲ್ಲಿರುವ ಗೆಳೆಯನ ವಾಯ್ಸ್ ಮೆಸೇಜ್ ಬಂತು. “ಎಂತ ಮಾರಾಯ, ನಮ್ಮ ಬ್ಯಾಚಿನ ವೆಬ್‌ಸೈಟ್ ಓಪನ್ ಮಾಡಿದ್ರೆ ಬೇರೆ ಎಂತದೋ ಬರ್ತದಲ್ಲ?” ತೆರೆದು ನೋಡಿದೆ. ನಮ್ಮ ಹೈಸ್ಕೂಲಿನ ಹೆಂಚಿನ ಕಟ್ಟಡದ ಚಿತ್ರ ಇರಬೇಕಾದ ಜಾಗದಲ್ಲಿ ಸಾಲ ಕೊಡುವವರ, ವಿಮಾನದ ಟಿಕೆಟ್ ಮಾರುವವರ ಜಾಹೀರಾತುಗಳಿದ್ದವು.

ಅದೇ ದಿನ ಸಂಜೆ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ಅವಳ ತಂದೆ ನಮ್ಮ ಸಹಪಾಠಿ. ಕೋವಿಡ್ ಸಮಯದಲ್ಲಿ ಗಲ್ಫ್‌ನಲ್ಲೇ ತೀರಿಕೊಂಡ, ದಫನವೂ ಅಲ್ಲೇ ಆಯಿತು. “ಕಾಕಾ, ನಿಮ್ಮ ವೆಬ್‌ಸೈಟಿನಲ್ಲಿ ಉಪ್ಪನ ಶಾಲೆಯ ಫೋಟೊ ಉಂಟಂತೆ. ನಮ್ಮಲ್ಲಿ ಪಾಸ್‌ಪೋರ್ಟಿನ ಫೋಟೊ ಬಿಟ್ಟರೆ ಹಳೇದು ಒಂದೂ ಇಲ್ಲ” ಎಂದಳು. ನಾಳೆ ಬೆಳಗ್ಗೆ ಕಳಿಸ್ತೇನೆ ಮಗಳೇ ಎಂದು ಹೇಳಿಬಿಟ್ಟಿದ್ದೆ.

ಆ ‘ನಾಳೆ’ ಬರಲು ಒಂದೂವರೆ ತಿಂಗಳು ಹಿಡಿಯಿತು. ಇಂದು ಊರೂರಿನಲ್ಲಿ ಎಸೆಸೆಲ್ಸಿ ಬ್ಯಾಚುಗಳ ಪುನರ್ಮಿಲನ ನಡೆಯುತ್ತಿದೆ. ಕೆಲವರು ನಮ್ಮ ಹಾಗೆ ವೆಬ್‌ಸೈಟ್ ಕೂಡ ಮಾಡಿಸುತ್ತಿದ್ದಾರೆ. ನಾವು ಎಡವಿದ ಕಲ್ಲು ಅವರ ಕಾಲಿಗೆ ತಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ವಾಟ್ಸ್‌ಆ್ಯಪ್ ಇರುವಾಗ ವೆಬ್‌ಸೈಟ್ ಯಾಕೆ?

ಇಪ್ಪತ್ತೈದನೇ ವರ್ಷದ ಪುನರ್ಮಿಲನಕ್ಕೆ ತಯಾರಿ ಶುರುವಾದಾಗ ಎಲ್ಲರೂ ಕೇಳಿದ ಪ್ರಶ್ನೆ ಇದು. ಉತ್ತರ ನಮ್ಮ ಅನುಭವದಲ್ಲೇ ಇತ್ತು. ನಮ್ಮ ಬ್ಯಾಚಿನ ಮೊದಲ ಗುಂಪು ಇದ್ದದ್ದು ಆರ್ಕುಟ್‌ನಲ್ಲಿ. 2014ರ ಸೆಪ್ಟಂಬರ್ 30ಕ್ಕೆ ಗೂಗಲ್ ಆರ್ಕುಟ್ ಮುಚ್ಚಿತು, ನಮ್ಮ ಹರಟೆಯೂ ಅದರೊಟ್ಟಿಗೆ ಹೋಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲೋ ಬೆಳಗ್ಗಿನ ಸಲಾಮಿನಿಂದ ರಾತ್ರಿಯ ರಾಜಕೀಯದವರೆಗೆ ಎಲ್ಲವೂ ಹರಿದು ಹೋಗುತ್ತದೆ. ಮೊಬೈಲ್ ಬದಲಿಸಿದರೆ ಹಳೆಯ ಫೋಟೊ ಇಲ್ಲ, ಜಗಳವಾದರೆ ನಾಲ್ಕು ಜನ ಲೆಫ್ಟ್. ಎಲ್ಲರ ಹೆಸರು, ಮಾಸ್ಟ್ರುಗಳ ಹೆಸರು, ಫೋಟೊ ಒಂದೇ ಕಡೆ ಇರಲಿ ಎಂಬುದು ಆಸೆ.

ಹೆಸರು ಹುಡುಕಿದ ಕಥೆ

ಹೆಡ್‌ಮಾಸ್ಟ್ರು ಹಳೆಯ ಹಾಜರಿ ಪುಸ್ತಕ ತೆಗೆಸಿಕೊಟ್ಟರು. ಅದರಲ್ಲಿ 71 ಹೆಸರು. ಒಂದೇ ಹೆಸರಿನವರು ನಾಲ್ವರು. ಶಾಲೆಯಲ್ಲಿ ಅವರನ್ನು ಕರೆಯುತ್ತಿದ್ದದ್ದು ಮನೆಯ ಜಾಗದ ಹೆಸರಿನಿಂದ, ತಂದೆಯ ಕಸುಬಿನಿಂದ. ಗುಡ್ಡೆಮನೆಯವ, ಮೀನಿನವರ ಹುಡುಗ ಎಂದರೆ ಈಗಲೂ ಗುರುತು ಸಿಗುತ್ತದೆ. ರಿಜಿಸ್ಟರಿನ ಹೆಸರು ಹೇಳಿದರೆ “ಅದು ಯಾರು?” ಅನ್ನುತ್ತಾರೆ. ಹಾಗಾಗಿ ಪ್ರತಿ ಹೆಸರಿನ ಕೆಳಗೆ ಊರು, ಮನೆ ಎಂದು ಒಂದು ಸಾಲು ಸೇರಿಸಿದೆವು. ನೋವಾಗುವ ಅಡ್ಡಹೆಸರು ಮಾತ್ರ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು.

ಇನ್ನು ಕಾಗುಣಿತ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್ ಮೂರೂ ಉಂಟು. ಕುಂಞಿ ಎಂದು ಬರೆಯಲು ಕೀಬೋರ್ಡಿನಲ್ಲಿ ‘ಞ’ ಹುಡುಕುವುದೇ ಒಂದು ಕೆಲಸ. ಕೆಲವರು ಕುಂಜಿ ಎಂದೂ ಕೆಲವರು ಕುಂಇ ಎಂದೂ ಹಾಕಿ ಕಳಿಸಿದರು. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಜನ. ಅವನ ಹೆಸರು ಹುಡುಕಿದರೆ ಅವನೇ ಸಿಗುವುದಿಲ್ಲ! ಕೊನೆಗೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಒಂದು, ಕರೆಯುವ ಹಾಗೆ ಇನ್ನೊಂದು ಎಂದು ಎರಡೂ ಹಾಕಿದೆವು. ಒಬ್ಬರು ಟೀಚರ್ ನುಡಿಯ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿಸಿ ಕೊಟ್ಟ ನೆನಪಿನ ಬರಹವಂತೂ ವೆಬ್‌ಸೈಟಿಗೆ ಏರಿಸಿದಾಗ ಪೂರ್ತಿ ಕಲಸುಮೇಲೋಗರವಾಯಿತು. ಅದನ್ನು ಯೂನಿಕೋಡ್‌ಗೆ ಬದಲಿಸಿ, ಒಂದೊಂದೇ ಸಾಲು ತಿದ್ದಬೇಕಾಯಿತು.

ಹುಡುಗಿಯರನ್ನು ಹುಡುಕುವುದು ಇನ್ನೂ ಕಷ್ಟ. 71ರಲ್ಲಿ ಹುಡುಗಿಯರು 19. ಮದುವೆಯಾಗಿ ಊರು ಬದಲಾಗಿದೆ, ಗುಂಪಿನಲ್ಲಿ ನಂಬರ್ ಇಲ್ಲ. ಬೀಡಿ ಕಟ್ಟುತ್ತಾ ಫೀಸು ಹೊಂದಿಸಿಕೊಂಡು ಓದಿದವರು ಅವರಲ್ಲಿ ಹಲವರು. ತರಗತಿಯಲ್ಲಿ ಮೊದಲ ಮೂರು ಸ್ಥಾನದಲ್ಲಿ ಇಬ್ಬರು ಅವರೇ. ನಮ್ಮ ತಂಗಿಯರು, ಹೆಂಡತಿಯರು ಮನೆಮನೆಗೆ ಹೋಗಿ ವಿಚಾರಿಸಿ 14 ಜನರನ್ನು ಪತ್ತೆ ಮಾಡಿದರು. ಅವರಲ್ಲೊಬ್ಬರು, “ಹೆಸರು ಹಾಕಿ, ಫೋಟೊ ಮತ್ತು ನಂಬರ್ ಬೇಡ” ಎಂದರು. ಗುಂಪಿನಲ್ಲಿ ಒಂದಿಬ್ಬರು ಗೊಣಗಿದರೂ ನಾವು ಒಪ್ಪಿದೆವು. ಕೇಳದೆ ಯಾರ ನಂಬರೂ ಹಾಕುವುದಿಲ್ಲ, ಎಲ್ಲರಿಗೂ ಕಾಣುವ ಪುಟದಲ್ಲಿ ಹೆಸರು ಮಾತ್ರ, ಫೋಟೊ ಆಲ್ಬಂಗೆ ಪಾಸ್‌ವರ್ಡ್ ಎಂಬ ನಿಯಮ ಅಲ್ಲಿಂದಲೇ ಬಂತು. ಹತ್ತನೇ ತರಗತಿಯ ಗ್ರೂಪ್ ಫೋಟೊ ಇದ್ದದ್ದು ಕೂಡ ಅವರೊಬ್ಬರ ಬಳಿಯೇ. ಸ್ಕ್ಯಾನ್ ಮಾಡಿ ಜೋಪಾನವಾಗಿ ಹಿಂದಿರುಗಿಸಿದೆವು.

ಎಡವಿದ್ದು ಎಲ್ಲಿ?

ವೆಬ್‌ಸೈಟಿಗೆ ಎರಡು ಖರ್ಚು. ಒಂದು ವಿಳಾಸ, ಅಂದರೆ ಡೊಮೈನ್. ಮನೆಯ ಡೋರ್ ನಂಬರ್ ಇದ್ದ ಹಾಗೆ. ಇನ್ನೊಂದು ಹೋಸ್ಟಿಂಗ್; ಸಾಮಾನು ಇಡಲು ಹಿಡಿದ ಬಾಡಿಗೆ ಕೋಣೆ. ಎರಡಕ್ಕೂ ಅವಧಿ ಉಂಟು. ಉತ್ಸಾಹದಲ್ಲಿ ಗೆಳೆಯನೊಬ್ಬ ತನ್ನ ಇ-ಮೇಲ್, ತನ್ನ ಗಲ್ಫ್ ನಂಬರ್, ತನ್ನ ಕಾರ್ಡ್ ಹಾಕಿ ಎರಡನ್ನೂ ಮೂರು ವರ್ಷಕ್ಕೆ ಕೊಂಡ. ಪುನರ್ಮಿಲನ ಭರ್ಜರಿಯಾಗಿ ಆಯಿತು. ಆಮೇಲೆ ಕೋವಿಡ್ ಬಂತು, ಅವನ ಕೆಲಸ ಹೋಯಿತು, ಊರಿಗೆ ಬಂದ. ಆ ನಂಬರ್ ರದ್ದಾಯಿತು, ಇ-ಮೇಲ್ ತೆರೆಯುವುದೂ ನಿಂತಿತು. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಗಳೆಲ್ಲ ಅಲ್ಲಿಗೇ ಬಂದು ಬಿದ್ದಿದ್ದವು.

ಡಾಟ್ ಕಾಮ್ ವಿಳಾಸದ ಅವಧಿ ಮುಗಿದ ಕೂಡಲೇ ಅದು ಕೈತಪ್ಪುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರದಲ್ಲೇ ನವೀಕರಿಸಬಹುದು. ಅದೂ ದಾಟಿದರೆ 30 ದಿನಗಳ ಇನ್ನೊಂದು ಅವಕಾಶ ಉಂಟು, ಆದರೆ ದಂಡ ಕಟ್ಟಬೇಕು. ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ನಾವು ಎಚ್ಚರಗೊಂಡದ್ದು ಆ ದಂಡದ ಅವಧಿಯಲ್ಲಿ. ಒಟಿಪಿ ಹೋಗುವುದು ಸತ್ತ ನಂಬರಿಗೆ. ಗುರುತಿನ ದಾಖಲೆ ಕಳಿಸಿ, ನಂಬರ್ ಬದಲಿಸಿ, ದಂಡ ಕಟ್ಟಿ ವಿಳಾಸ ಕೈಗೆ ಬಂದಾಗ ಉಳಿದದ್ದು ಆರೇ ದಿನ.

ಬಾಗಿಲು ತೆರೆದರೆ ಒಳಗೆ ಏನೂ ಇಲ್ಲ. ಬಾಡಿಗೆ ನಿಂತದ್ದರಿಂದ ಹೋಸ್ಟಿಂಗ್‌ನವರು ಸಾಮಾನು ಖಾಲಿ ಮಾಡಿದ್ದರು. ಪೆನ್‌ಡ್ರೈವ್‌ನಲ್ಲಿ ಇದ್ದ ಒಂದೇ ಪ್ರತಿ ಕೆಟ್ಟುಹೋಗಿತ್ತು. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಿದೆ; ಅದರ ‘ವೇಬ್ಯಾಕ್ ಮೆಷಿನ್’ನಲ್ಲಿ ಹುಡುಕಿದಾಗ ಹೆಸರಿನ ಪುಟ, ಟೀಚರ ಬರಹ ಎರಡೂ ಸಿಕ್ಕಿದವು. ಪಾಸ್‌ವರ್ಡ್ ಹಾಕಿದ್ದ ಆಲ್ಬಂ ಮಾತ್ರ ಅದಕ್ಕೂ ಸಿಕ್ಕಿರಲಿಲ್ಲ.

ಮತ್ತೆ ಅದೇ ಮನೆಗೆ ಹೋದೆವು, ಫೋಟೊ ಬೇಡ ಎಂದಿದ್ದ ಸಹಪಾಠಿಯ ಮನೆಗೆ. ಅವರು ಪೆಟ್ಟಿಗೆಯಿಂದ ಗ್ರೂಪ್ ಫೋಟೊ ತಂದು ಮೇಜಿನ ಮೇಲಿಟ್ಟರು. ಹಿಂದಿನ ಸಾಲಿನಲ್ಲಿ, ಎಡದಿಂದ ಮೂರನೆಯವ, ಮೇಲಿನ ಗುಂಡಿ ಹಾಕದ ಅಂಗಿಯಲ್ಲಿ ನಗುತ್ತಿದ್ದ. “ಆ ಮಗುವಿಗೆ ಕೊಡುವುದಾದರೆ ದೊಡ್ಡದು ಮಾಡಿಸಿ ಕೊಡಿ, ದುಡ್ಡು ನಾನು ಕೊಡ್ತೇನೆ” ಎಂದರು.

ಈಗ ನಾವು ಮಾಡಿಕೊಂಡ ಏರ್ಪಾಡು

ವೆಬ್‌ಸೈಟ್ ಈಗ ಬ್ಯಾಚಿನದ್ದೇ ಒಂದು ಇ-ಮೇಲ್‌ನಲ್ಲಿದೆ. ಪಾಸ್‌ವರ್ಡ್ ಮೂವರಿಗೆ ಗೊತ್ತು: ಊರಿನಲ್ಲಿ ಇಬ್ಬರು, ಹೊರದೇಶದಲ್ಲಿ ಒಬ್ಬ. ಊರಿನ ಇಬ್ಬರಲ್ಲಿ ಒಬ್ಬರು ಮಹಿಳೆ. ಒಟಿಪಿ ಬರುವುದು ಊರಿನ ನಂಬರಿಗೆ. ಡಾಟ್ ಕಾಮ್ ವಿಳಾಸವನ್ನು ಒಮ್ಮೆಗೆ 10 ವರ್ಷದವರೆಗೆ ಕೊಳ್ಳಬಹುದು. ನಾವು 5 ವರ್ಷಕ್ಕೆ ಕಟ್ಟಿದೆವು. ಫೋಟೊಗಳ ಎರಡು ಪ್ರತಿ ಎರಡು ಮನೆಯ ಹಾರ್ಡ್ ಡಿಸ್ಕಿನಲ್ಲಿವೆ. ಪುನರ್ಮಿಲನದಲ್ಲಿ ಉಳಿದ ಹಣವನ್ನು ಇನ್ನೊಂದು ಊಟಕ್ಕೆ ಖರ್ಚು ಮಾಡದೆ ಇದಕ್ಕೆಂದೇ ತೆಗೆದಿಟ್ಟೆವು.

ಪ್ರತಿ ಪೆರ್ನಾಲ್‌ನ ಮರುದಿನ ಮೂವರೂ ಒಮ್ಮೆ ಲಾಗಿನ್ ಆಗಿ ನೋಡಬೇಕು. ಯಾರ ನಂಬರ್ ಬದಲಾಗಿದೆ, ಯಾರು ತೀರಿಕೊಂಡರು, ಯಾರು ತಮ್ಮ ಫೋಟೊ ತೆಗೆಯಲು ಹೇಳಿದ್ದಾರೆ ಎಂದು ನೋಡಿ ತಿದ್ದುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಕೊಡುವವರು ಇಲ್ಲದಿದ್ದರೆ ವೆಬ್‌ಸೈಟ್ ಮಾಡಿಸಬೇಡಿ, ಒಂದು ಒಳ್ಳೆಯ ಆಲ್ಬಂ ಪ್ರಿಂಟ್ ಹಾಕಿಸಿ ಹಂಚಿಬಿಡಿ.

ಫೋಟೊ ದೊಡ್ಡದು ಮಾಡಿಸಿ ಆ ಹುಡುಗಿಗೆ ಕೊಟ್ಟು ಬಂದೆವು. ಅವಳು ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳಂತೆ. “ಕಾಕಾ, ಬ್ಯಾಕಪ್ ತನ್ನಷ್ಟಕ್ಕೆ ಆಗುವ ಹಾಗೆ ನಾನು ಮಾಡಿಕೊಡ್ತೇನೆ” ಎಂದಿದ್ದಾಳೆ. ಮುಂದಿನ ಪೆರ್ನಾಲ್‌ನ ಮರುದಿನ ಲಾಗಿನ್ ಆಗುವವರು ನಾಲ್ವರು.