ರಕ್ತ ಮೂತ್ರಗಳಲ್ಲಿ ಕ್ಯಾಲ್ಸಿಯಂ ಧಾತುವಿನ ಅಳತೆ

ಸುಣ್ಣವೆಂಬುದು ಕನ್ನಡಿಗರಿಗೆ ಗೋಡೆಯ ಮೇಲೂ ತಾಂಬೂಲದ ತಟ್ಟೆಯಲ್ಲಿಯೂ ನಿತ್ಯಪರಿಚಿತವಾದ ವಸ್ತು. ಅದಕ್ಕೆ ಮೂಲವಾದ ಲೋಹಧಾತುವನ್ನು 1808ರಲ್ಲಿ ಹಂಫ್ರಿ ಡೇವಿಯು ಪ್ರತ್ಯೇಕಿಸಿ, ಲ್ಯಾಟಿನ್ ಭಾಷೆಯ ಸುಣ್ಣವಾಚಕ ಶಬ್ದದಿಂದಲೇ ಅದಕ್ಕೆ ಕ್ಯಾಲ್ಸಿಯಂ ಎಂದು ಹೆಸರಿಟ್ಟನು. ಪ್ರಾಯದ ಮನುಷ್ಯನ ದೇಹದಲ್ಲಿ ಈ ಧಾತುವು ಸುಮಾರು ಒಂದು ಕಿಲೋಗ್ರಾಂ ಇರುವುದು. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿ ಅಡಗಿದೆ. ರಕ್ತದ ದ್ರವಭಾಗವನ್ನೆಲ್ಲ ಒಟ್ಟುಗೂಡಿಸಿದರೂ ಅದರಲ್ಲಿ ದೊರೆಯುವುದು 300 ಮಿಲಿಗ್ರಾಮಿನಷ್ಟು ಮಾತ್ರ. ಆದರೂ ಹೃದಯದ ಮಿಡಿತ, ಸ್ನಾಯುಗಳ ಸಂಕೋಚ, ನರಗಳ ಶಾಂತಿ, ರಕ್ತದ ಹೆಪ್ಪುಗಟ್ಟುವಿಕೆ ಇವೆಲ್ಲವೂ ಈ ಅಲ್ಪಾಂಶವನ್ನೇ ಅವಲಂಬಿಸಿವೆ. ಅದು ತಗ್ಗಿದರೆ ತುಟಿ ಬೆರಳುಗಳು ಜೋಮು ಹಿಡಿದು ಕೈಗಳು ಸೆಟೆಯುವುವು. ಏರಿದರೆ ಬಾಯಾರಿಕೆ, ಮಲಬದ್ಧತೆ, ಬುದ್ಧಿಮಾಂದ್ಯ, ಮೂತ್ರಾಶ್ಮರಿಗಳು ತಲೆದೋರುವುವು.

ಆರೋಗ್ಯವಂತನ ಸೀರಮಿನಲ್ಲಿ, ಎಂದರೆ ರಕ್ತವು ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ ತಿಳಿಹಳದಿಯ ದ್ರವದಲ್ಲಿ, ನೂರು ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಈ ಮಿತಿಯು ಇಷ್ಟು ಇಕ್ಕಟ್ಟಾಗಿರುವುದೇ ಅಳತೆಯ ಕಷ್ಟಕ್ಕೆ ಕಾರಣ. ಒಂದು ಮಿಲಿಗ್ರಾಮಿನ ತಪ್ಪು ನಡೆದರೆ ರೋಗಿಯು ನಿರೋಗಿಯಾಗಿಯೂ ನಿರೋಗಿಯು ರೋಗಿಯಾಗಿಯೂ ತೋರಬಲ್ಲನು.

ಹಳೆಯ ವಿಧಾನವನ್ನು ಮೊದಲು ನೋಡುವುದು ಒಳ್ಳೆಯದು. ಇಂದಿನ ಯಂತ್ರಗಳು ಮರೆಮಾಡುವುದನ್ನೆಲ್ಲ ಅದು ಬಿಚ್ಚಿ ತೋರಿಸುತ್ತದೆ. 1921ರಲ್ಲಿ ಕ್ರೇಮರ್ ಮತ್ತು ಟಿಸ್ಡಾಲ್ ಎಂಬವರು ರೂಪಿಸಿದ ಕ್ರಮವನ್ನು 1925ರಲ್ಲಿ ಕ್ಲಾರ್ಕ್ ಮತ್ತು ಕಾಲಿಪ್ ತಿದ್ದಿದರು. ಗಳಗ್ರಂಥಿಯ ಹಿಂದಣ ಪುಟ್ಟ ಪ್ಯಾರಾಥೈರಾಯಿಡ್ ಗ್ರಂಥಿಗಳಿಂದ, ರಕ್ತದ ಕ್ಯಾಲ್ಸಿಯಮನ್ನು ಆಳುವ ಸತ್ತ್ವವನ್ನು ಅದೇ ವರ್ಷ ಹೊರತೆಗೆದವನೂ ಈ ಕಾಲಿಪನೇ. ಆಳುವ ರಸವನ್ನು ಅರಸಿದವನಿಗೆ ಆಳಲ್ಪಡುವ ಧಾತುವಿನ ಸರಿಯಾದ ಅಳತೆ ಬೇಕಾದುದು ಸಹಜವೇ.

ಕ್ರಮವು ಹೀಗೆ: ಎರಡು ಮಿಲಿಲೀಟರು ಸೀರಮಿಗೆ ಅಷ್ಟೇ ಶುದ್ಧಜಲವನ್ನೂ ಒಂದು ಮಿಲಿಲೀಟರು ಅಮೋನಿಯಂ ಆಕ್ಸಲೇಟ್ ದ್ರಾವಣವನ್ನೂ ಬೆರಸಿ ಇಡಬೇಕು. ಕ್ಯಾಲ್ಸಿಯಮೆಲ್ಲವೂ ಆಕ್ಸಲೇಟಿನೊಡನೆ ಕೂಡಿ ನುಣ್ಣನೆಯ ಬಿಳಿಯ ಗಷ್ಟಾಗಿ ಬೇರ್ಪಡುವುದು. ನಳಿಗೆಯನ್ನು ಯಂತ್ರದಲ್ಲಿ ವೇಗವಾಗಿ ಸುತ್ತಿಸಿದರೆ ಗಷ್ಟು ತಳಕ್ಕೆ ಅಂಟುವುದು. ಮೇಲಿನ ತಿಳಿಯನ್ನು ಚೆಲ್ಲಿ, ಗಷ್ಟನ್ನು ತೆಳುವಾದ ಅಮೋನಿಯಾ ನೀರಿನಿಂದ ತೊಳೆದು, ಗಂಧಕಾಮ್ಲದಲ್ಲಿ ಕರಗಿಸಿ, ಬಿಸಿಯಾಗಿರುವಾಗಲೇ ಬ್ಯುರೆಟ್ಟಿನಿಂದ ಪೊಟ್ಯಾಸಿಯಂ ಪರ್ಮಾಂಗನೇಟಿನ ಶತಾಂಶ ನಾರ್ಮಲ್ ದ್ರಾವಣವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಆಕ್ಸಲೇಟ್ ಉಳಿದಿರುವವರೆಗೆ ಆ ನೇರಳೆಯ ಬಣ್ಣವು ಬಿದ್ದೊಡನೆ ಮಾಯವಾಗುವುದು. ಅದು ಮುಗಿದ ಕ್ಷಣ ನಸುಗೆಂಪು ನಿಲ್ಲುವುದು. ಈ ದ್ರಾವಣದ ಒಂದು ಮಿಲಿಲೀಟರು 0.2 ಮಿಲಿಗ್ರಾಂ ಕ್ಯಾಲ್ಸಿಯಮಿಗೆ ಸಮ. ಆದುದರಿಂದ ಎರಡು ಮಿಲಿಲೀಟರು ಸೀರಮಿಗೆ ಹಿಡಿದ ದ್ರಾವಣವನ್ನು ಹತ್ತರಿಂದ ಗುಣಿಸಿದರೆ ನೂರು ಮಿಲಿಲೀಟರಿನ ಲೆಕ್ಕ ದೊರೆಯುವುದು.

ಈ ಗಣಿತದಲ್ಲಿ ಒಂದು ಎಚ್ಚರಿಕೆಯು ಅಡಗಿದೆ. ಬ್ಯುರೆಟ್ಟಿನ ಒಂದು ತೊಟ್ಟು ಸುಮಾರು 0.05 ಮಿಲಿಲೀಟರು, ಎಂದರೆ ಫಲಿತಾಂಶದಲ್ಲಿ ಅರ್ಧ ಮಿಲಿಗ್ರಾಂ. ಎರಡು ತೊಟ್ಟು ಹೆಚ್ಚಾಗಿ ಬಿಟ್ಟವನು ಒಂದು ಮಿಲಿಗ್ರಾಮನ್ನು ಕೂಡಿಸಿದಂತಾಯಿತು. ಗಷ್ಟನ್ನು ತೊಳೆಯುವಾಗ ಕೊಂಚ ಹರಿದುಹೋದರೆ ಫಲವು ತಗ್ಗುವುದು. ತೊಳೆಯದೆ ಬಿಟ್ಟರೆ ಉಳಿದ ಆಕ್ಸಲೇಟಿನಿಂದ ಏರುವುದು. ನುರಿತ ಕೈಗಳು ಸೂಕ್ಷ್ಮವಾದ ಬ್ಯುರೆಟ್ಟನ್ನು ಹಿಡಿದು ಇದನ್ನು ನಿಭಾಯಿಸುತ್ತಿದ್ದುವು. ಮಧ್ಯಾಹ್ನವೊಂದರಲ್ಲಿ ಹತ್ತಾರು ಪರೀಕ್ಷೆಗಳಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ.

ಇಂದು ಪ್ರಯೋಗಾಲಯಗಳಲ್ಲಿ ಬಣ್ಣದ ವಿಧಾನಗಳೇ ರೂಢಿಯಾಗಿವೆ. ಆರ್ಥೊ-ಕ್ರೆಸಾಲ್ಫ್ತಲೀನ್ ಕಾಂಪ್ಲೆಕ್ಸೋನ್ ಎಂಬ ವರ್ಣದ್ರವ್ಯವು ಕ್ಷಾರದ್ರಾವಣದಲ್ಲಿ ಕ್ಯಾಲ್ಸಿಯಮಿನೊಡನೆ ಕೂಡಿ ನೇರಳೆಯಾಗುವುದು. ಆರ್ಸೆನಾಜೊ ಎಂಬ ಇನ್ನೊಂದು ನೀಲಿಯಾಗುವುದು. ಮೊದಲನೆಯದು ಮೆಗ್ನೀಸಿಯಮಿಗೂ ಮರುಳಾಗುವ ಸ್ವಭಾವದ್ದಾದುದರಿಂದ, ಅದನ್ನು ಹಿಡಿದಿಡುವ ಬೇರೊಂದು ವಸ್ತುವನ್ನು ಜೊತೆಗೆ ಸೇರಿಸುವರು. ಬಣ್ಣದ ಗಾಢತೆಯನ್ನು ಬೆಳಕಿನಿಂದ ಅಳೆದು, ಪ್ರಮಾಣವು ಮೊದಲೇ ಗೊತ್ತಿರುವ ದ್ರಾವಣದೊಡನೆ ಹೋಲಿಸಿದರೆ ಲೆಕ್ಕವು ಸಿದ್ಧ. ಕೆಲವೇ ಮೈಕ್ರೊಲೀಟರು ಸೀರಂ, ಕೆಲವೇ ನಿಮಿಷಗಳು ಸಾಕು.

ಆದರೆ ಯಂತ್ರವು ತನಗೆ ಕೊಟ್ಟುದನ್ನಷ್ಟೇ ಅಳೆಯುವುದು. ತೋಳಿಗೆ ಪಟ್ಟಿಯನ್ನು ಬಿಗಿದು ಹಲವು ನಿಮಿಷ ಬಿಟ್ಟರೆ, ನಾಳದಿಂದ ನೀರು ಸೋರಿ ಸಸಾರಜನಕವು ದಟ್ಟವಾಗಿ, ಅದಕ್ಕೆ ಅಂಟಿದ ಕ್ಯಾಲ್ಸಿಯಮೂ ಹೆಚ್ಚಾಗಿ ತೋರುವುದು. ನಲ್ಲಿಯ ನೀರಿನಲ್ಲಿ ತೊಳೆದ ಗಾಜಿನಿಂದಲೂ ಕೇಡುಂಟು. ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು; ಅದರ ಸುಣ್ಣವು ನಳಿಗೆಯಲ್ಲಿ ಒಣಗಿ ಉಳಿದು ರೋಗಿಯ ಲೆಕ್ಕಕ್ಕೆ ಜಮೆಯಾಗುವುದು. ಇವೆಲ್ಲಕ್ಕಿಂತ ಘೋರವಾದುದು ಇ.ಡಿ.ಟಿ.ಎ. ಎಂಬ ವಸ್ತುವಿನ ಬೆರಕೆ. ರಕ್ತಕಣಗಳನ್ನೆಣಿಸಲು ಬಳಸುವ ನೇರಳೆ ಮುಚ್ಚಳದ ನಳಿಗೆಯಲ್ಲಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವುದು ಇದೇ. ಕ್ಯಾಲ್ಸಿಯಮನ್ನು ಸೆರೆಹಿಡಿದೇ ಅದು ಆ ಕೆಲಸವನ್ನು ಮಾಡುವುದು. ಆ ನಳಿಗೆಯ ರಕ್ತವನ್ನು ಸೀರಮಿನ ನಳಿಗೆಗೆ ಸುರಿದರೆ ಕ್ಯಾಲ್ಸಿಯಂ ಪಾತಾಳಕ್ಕಿಳಿದು, ಪೊಟ್ಯಾಸಿಯಂ ಮುಗಿಲಿಗೇರಿದಂತೆ ಕಾಣುವುದು. ಇಂಥ ಜೋಡಿ ಅಂಕೆಗಳನ್ನು ಕಂಡೊಡನೆ ರೋಗಿಯನ್ನಲ್ಲ, ನಳಿಗೆಯನ್ನು ಶಂಕಿಸಬೇಕು. ವರದಿಯನ್ನು ನಂಬಿ ಸೂಜಿಮದ್ದು ಕೊಟ್ಟರೆ ಆಗುವ ಅನರ್ಥವು ಸಣ್ಣದಲ್ಲ.

ಇನ್ನು ಅಳೆದ ಅಂಕೆಯು ಸರಿಯಾಗಿದ್ದರೂ ಅದರ ಅರ್ಥವು ಬೇರೆ ಪ್ರಶ್ನೆ. ಸೀರಮಿನ ಕ್ಯಾಲ್ಸಿಯಮಿನಲ್ಲಿ ನೂರಕ್ಕೆ ನಲವತ್ತರಷ್ಟು ಆಲ್ಬುಮಿನ್ ಮುಂತಾದ ಸಸಾರಜನಕಗಳಿಗೆ ಅಂಟಿದೆ. ಸ್ವಲ್ಪವು ಇತರ ಲವಣಗಳೊಡನೆ ಕೂಡಿದೆ. ಅರ್ಧದಷ್ಟು ಮಾತ್ರ ಸ್ವತಂತ್ರವಾದ ಅಯಾನುಗಳ ರೂಪದಲ್ಲಿದ್ದು, ಶರೀರವು ಬಳಸುವುದು ಇದನ್ನೇ. ಸೊರಗಿದವನಲ್ಲಿ ಆಲ್ಬುಮಿನ್ ಇಳಿದರೆ ಒಟ್ಟು ಕ್ಯಾಲ್ಸಿಯಮೂ ಇಳಿಯುವುದು. ಸ್ವತಂತ್ರ ಭಾಗವು ಕುಂದಿರದು. ಅದಕ್ಕಾಗಿ ಆಲ್ಬುಮಿನ್ 4 ಗ್ರಾಮಿಗಿಂತ ಎಷ್ಟು ಕಡಮೆಯೋ ಅಷ್ಟನ್ನು 0.8ರಿಂದ ಗುಣಿಸಿ ಕೂಡಿಸುವ ರೂಢಿಯಿದೆ. ಒಟ್ಟು 7.6, ಆಲ್ಬುಮಿನ್ 2 ಇದ್ದರೆ ತಿದ್ದಿದ ಅಂಕೆ 9.2, ಕೊರತೆಯೆಂದು ತೋರಿದುದು ಕೊರತೆಯಲ್ಲ. ಈ ಸೂತ್ರವು ಊರುಗೋಲೇ ಹೊರತು ಕಾಲಲ್ಲ. ತೀವ್ರ ರೋಗದಲ್ಲಿರುವವನಿಗೆ ಸ್ವತಂತ್ರ ಭಾಗವನ್ನೇ ನೇರವಾಗಿ ಅಳೆಯಬೇಕು.

ಅದನ್ನು ಮೊದಲು ಅಳೆದುದು ಕಪ್ಪೆಯ ಹೃದಯದಿಂದ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಕಪ್ಪೆಯ ಹೃದಯವು ಲಂಡನ್ನಿನ ನಲ್ಲಿನೀರಿನಲ್ಲಿ ಮಾಡಿದ ಉಪ್ಪಿನ ದ್ರಾವಣದಲ್ಲಿ ಮಿಡಿಯುತ್ತ, ಬಟ್ಟಿಯಿಳಿಸಿದ ನೀರಿನದರಲ್ಲಿ ಕುಂದುವುದನ್ನು ಕಂಡ ಸಿಡ್ನಿ ರಿಂಗರನು, ನಲ್ಲಿನೀರಿನ ಕ್ಯಾಲ್ಸಿಯಮೇ ಅದಕ್ಕೆ ಕಾರಣವೆಂದು 1883ರಲ್ಲಿ ತಿಳಿಸಿದನು. 1934ರಲ್ಲಿ ಮೆಕ್‌ಲೀನ್ ಮತ್ತು ಹೇಸ್ಟಿಂಗ್ಸ್ ಆ ಹೃದಯವನ್ನೇ ಅಳತೆಗೋಲಾಗಿ ಮಾಡಿಕೊಂಡರು. ಇಂದು ಆ ಸ್ಥಾನದಲ್ಲಿ ಕ್ಯಾಲ್ಸಿಯಂ ಅಯಾನುಗಳಿಗೆ ಮಾತ್ರ ಸ್ಪಂದಿಸುವ ವಿದ್ಯುದ್ದಂಡವಿದೆ. ಅದಕ್ಕೆ ರಕ್ತವನ್ನು ಗಾಳಿ ತಗಲದಂತೆ ತಂದು ಬೇಗ ಒಡ್ಡಬೇಕು. ಅಂಗಾರಾಮ್ಲವಾಯುವು ಹಾರಿಹೋದರೆ ರಕ್ತದ ಕ್ಷಾರತ್ವವು ಹೆಚ್ಚಿ ಸ್ವತಂತ್ರ ಭಾಗವು ಕುಗ್ಗುವುದು. ಗಾಬರಿಯಿಂದ ಏದುಸಿರು ಬಿಡುವವನ ಕೈಗಳು ಸೆಟೆಯುವುದೂ ಇದೇ ಕಾರಣದಿಂದ.

ಮೂತ್ರದ ಪರೀಕ್ಷೆಯಲ್ಲಿ ಕಷ್ಟದ ಭಾಗವು ರೋಗಿಯ ಮನೆಯಲ್ಲಿಯೇ ನಡೆಯುವುದು. ಹುಬ್ಬಳ್ಳಿಯ ದಕ್ಷಿಣದಂಚಿನಲ್ಲಿ, ನರೇಂದ್ರದ ಕಡೆಗೆ ಹೋಗುವ ಹೊರದಾರಿಯು ಬೆಂಗಳೂರು ಹೆದ್ದಾರಿಯಿಂದ ಕವಲೊಡೆಯುವ ಗಬ್ಬೂರಿನ ರೈತನೊಬ್ಬನಿಗೆ ಮೂತ್ರಪಿಂಡದಲ್ಲಿ ಕಲ್ಲು ಕಂಡಿದ್ದರೆ, ವೈದ್ಯರು 24 ಗಂಟೆಗಳ ಮೂತ್ರವನ್ನು ಕೇಳುವರು. ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ ವೇಳೆಯನ್ನು ಬರೆದುಕೊಂಡು, ಅಲ್ಲಿಂದ ಮರುದಿನ ಅದೇ ವೇಳೆಯ ಮೂತ್ರದವರೆಗೆ ಎಲ್ಲವನ್ನೂ ಡಬ್ಬಿಯಲ್ಲಿ ಕೂಡಿಡಬೇಕು. ಹೊಲಕ್ಕೆ ಹೋದವನು ನಡುವೆ ಒಂದು ಸಲ ಬದುವಿನ ಬಳಿ ಮುಗಿಸಿ ಬಂದರೆ ಲೆಕ್ಕವೆಲ್ಲವೂ ಕೆಡುವುದು. 1800 ಮಿಲಿಲೀಟರು ಮೂತ್ರದಲ್ಲಿ ನೂರಕ್ಕೆ 12 ಮಿಲಿಗ್ರಾಮಿನಂತೆ ದಿನಕ್ಕೆ 216 ಮಿಲಿಗ್ರಾಂ ಆಗುವುದು. 400 ಮಿಲಿಲೀಟರು ತಪ್ಪಿದರೆ ಅದು 168ಕ್ಕೆ ಇಳಿಯುವುದು. ಸಂಗ್ರಹವು ಪೂರ್ಣವೇ ಎಂಬುದನ್ನು ಕ್ರಿಯಾಟಿನಿನ್ ಅಳೆದು ಊಹಿಸಬಹುದು: ಗಂಡಸಿನಲ್ಲಿ ಅದು ದಿನಕ್ಕೆ, ದೇಹತೂಕದ ಕಿಲೋ ಒಂದಕ್ಕೆ, ಸುಮಾರು 15ರಿಂದ 25 ಮಿಲಿಗ್ರಾಂ.

ಡಬ್ಬಿಯಲ್ಲಿ ಹೈಡ್ರೋಕ್ಲೋರಿಕಾಮ್ಲವನ್ನು ಹಾಕಿ ಕೊಡುವುದುಂಟು. ಆಮ್ಲವಿಲ್ಲದಿದ್ದರೆ ಕ್ಯಾಲ್ಸಿಯಂ ಲವಣಗಳು ತಣ್ಣಗಾದ ಮೂತ್ರದ ತಳಕ್ಕಿಳಿದು, ಮೇಲಿನ ತಿಳಿಯನ್ನು ಅಳೆದವನಿಗೆ ಕಡಮೆಯಾಗಿ ತೋರುವುವು. ಆ ಆಮ್ಲವು ಮೈಸುಡುವಂಥದು. ನೇರವಾಗಿ ಡಬ್ಬಿಗೆ ಮೂತ್ರ ಮಾಡದೆ ಬೇರೆ ಪಾತ್ರೆಯಿಂದ ಸುರಿಯಬೇಕೆಂದೂ ಮಕ್ಕಳ ಕೈಗೆ ಸಿಕ್ಕದಂತೆ ಇಡಬೇಕೆಂದೂ ಕನ್ನಡದಲ್ಲಿಯೇ ಬರೆದು ಅಂಟಿಸದಿರುವುದು ಅಕ್ಷಮ್ಯವಾದ ಉದಾಸೀನ. ಮೂತ್ರದ ಸಾಮಾನ್ಯ ಮಿತಿಯು ದಿನಕ್ಕೆ 100ರಿಂದ 300 ಮಿಲಿಗ್ರಾಂ. ಹೆಚ್ಚು ಉಪ್ಪನ್ನುಂಡರೆ ಉಪ್ಪಿನ ಜೊತೆಗೆ ಕ್ಯಾಲ್ಸಿಯಮೂ ಹರಿದುಹೋಗುವುದರಿಂದ, ಪರೀಕ್ಷೆಯ ದಿನ ಊಟವು ಎಂದಿನಂತೆಯೇ ಇರಬೇಕು.

ಊಟದ ಮಾತು ಬಂದುದರಿಂದ ಒಂದು ತಪ್ಪುತಿಳಿವನ್ನು ಹೇಳಬೇಕಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಮುಂಟು. ಧಾರವಾಡ ಸೀಮೆಯ ಜೋಳದಲ್ಲಿ 30ಕ್ಕೂ ಕಡಮೆ. ಆದರೆ ರೊಟ್ಟಿಯುಣ್ಣುವವನ ರಕ್ತವು ಮುದ್ದೆಯುಣ್ಣುವವನ ರಕ್ತಕ್ಕಿಂತ ಬಡವಾಗಿ ಕಾಣದು. ಆಹಾರದಲ್ಲಿ ಕೊರತೆಯಾದೊಡನೆ ಪ್ಯಾರಾಥೈರಾಯಿಡ್ ರಸವು ಎಲುಬಿನಿಂದ ಸಾಲ ತೆಗೆದು ರಕ್ತವನ್ನು ತುಂಬುವುದು. ಮೂತ್ರದ ವ್ಯಯವನ್ನೂ ಬಿಗಿಹಿಡಿಯುವುದು. ಹಾಲು ಮೊಸರಿಲ್ಲದೆ ಹಲವು ವರ್ಷ ಕಳೆದ ಮುದುಕಿಯ ಸೀರಮಿನಲ್ಲಿ 9.4 ಎಂಬ ನಿರ್ದೋಷವಾದ ಅಂಕೆಯು ಬಂದಾಗ, ಅವಳ ಎಲುಬು ಗಟ್ಟಿಯೆಂದು ತಿಳಿಯುವುದು ಸಾಹುಕಾರನ ಕೈಯಲ್ಲಿರುವ ಚಿಲ್ಲರೆಯನ್ನು ಕಂಡು ಅವನ ಸಾಲವನ್ನು ಮರೆತಂತೆಯೇ. ಅವಳಿಗೆ ಬೇಕಾದುದು ಡಿ ಜೀವಸತ್ತ್ವ, ರಂಜಕ, ಕ್ಷಾರೀಯ ಫಾಸ್ಫಟೇಸ್, ಪ್ಯಾರಾಥೈರಾಯಿಡ್ ರಸ ಇವುಗಳ ಪರೀಕ್ಷೆ ಮತ್ತು ಎಲುಬಿನ ಸಾಂದ್ರತೆಯ ಚಿತ್ರ.