ವೈದ್ಯವಿದ್ಯಾಲಯದ ಹಳೆಯ ದಫ್ತರಗಳು

ಕಲ್ಕತ್ತೆಯ ವೈದ್ಯವಿದ್ಯಾಲಯವು 1835ನೆಯ ಇಸವಿ ಜನವರಿ 28ರ ಸರ್ಕಾರಿ ಆಜ್ಞೆಯಿಂದ ಹುಟ್ಟಿತು. ಅಲ್ಲಿಯವರೆಗೆ ನಡೆಯುತ್ತಿದ್ದ ದೇಶೀಯ ವೈದ್ಯಶಾಲೆಯನ್ನೂ ಸಂಸ್ಕೃತ ಕಾಲೇಜಿನ ವೈದ್ಯತರಗತಿಯನ್ನೂ ನಿಲ್ಲಿಸಿ, ಪಾಶ್ಚಾತ್ಯ ವೈದ್ಯವನ್ನು ಇಂಗ್ಲಿಷಿನಲ್ಲಿಯೇ ಕಲಿಸತಕ್ಕದ್ದೆಂದು ಲಾರ್ಡ್ ಬೆಂಟಿಂಕರ ಸರ್ಕಾರವು ಗೊತ್ತುಮಾಡಿತು. ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಪಾಠ ಹೇಳುತ್ತಿದ್ದ ಪಂಡಿತ ಮಧುಸೂದನ ಗುಪ್ತರು ಹೊಸ ಕಾಲೇಜಿಗೆ ಬಂದು, ಶವವನ್ನು ಮುಟ್ಟಬಾರದೆಂಬ ಕಟ್ಟುಪಾಡನ್ನು ಮೀರಿ, 1836ರಲ್ಲಿ ಮಾನವಶರೀರವನ್ನು ಛೇದಿಸಿದರು. ನಮ್ಮ ದೇಶದ ಆಧುನಿಕ ವೈದ್ಯದ ಚರಿತ್ರೆಯನ್ನು ಬರೆದವರು ಆ ದಿನವನ್ನು ಬಹುವಾಗಿ ಕೊಂಡಾಡಿದ್ದಾರೆ. ಆದರೆ ಆ ದಿನ ಯಾವುದು?

ಕೆಲವು ಗ್ರಂಥಗಳು ಜನವರಿ 10 ಎನ್ನುತ್ತವೆ. ಮತ್ತೆ ಕೆಲವು ಅಕ್ಟೋಬರ್ 28 ಎನ್ನುತ್ತವೆ. ಮೊದಲು ಕತ್ತಿ ಹಿಡಿದವರು ಪಂಡಿತರೋ ವಿದ್ಯಾರ್ಥಿಗಳೋ ಎಂಬಲ್ಲಿಯೂ ಏಕಾಭಿಪ್ರಾಯವಿಲ್ಲ. ಫೋರ್ಟ್ ವಿಲಿಯಂ ಕೋಟೆಯಿಂದ ತೋಪು ಹಾರಿಸಿದರೆಂಬ ಕಥೆಯಂತೂ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿದೆ. ಆ ಸನ್ನಿವೇಶದ ಹೆಸರಾದ ವರ್ಣನೆಯು ಬೆಥೂನ್ ಸಾಹೇಬರ ಭಾಷಣದ್ದು. ಅವರಾದರೋ ಹಿಂದೂದೇಶಕ್ಕೆ ಕಾಲಿಟ್ಟದ್ದೇ 1848ರಲ್ಲಿ. ಸನ್ಮಾನದ ಭಾಷಣಕ್ಕೆ ತಾರೀಖಿನ ಚಿಂತೆ ಕಡಿಮೆ. ಇಂಥ ತಕರಾರನ್ನು ತೀರಿಸಬಲ್ಲವು ಹಾಜರಿಪುಸ್ತಕ, ಉಗ್ರಾಣದ ಲೆಕ್ಕ, ಶವವನ್ನು ಒಪ್ಪಿಸಿಕೊಂಡ ಚೀಟಿ ಮೊದಲಾದ ಅಲ್ಪ ಕಾಗದಗಳೇ. ಆಡಳಿತಮಂಡಲಿಯ ನಿರ್ಣಯಗಳನ್ನು ಚರ್ಮದ ರಟ್ಟು ಕಟ್ಟಿಸಿ ಇಡುವವರು ಮೊದಲು ಒಲೆಗೆ ಹಾಕುವುದೂ ಇವುಗಳನ್ನೇ.

ಉಳಿದುಬಂದ ಅಂಕಿಗಳು ಎಷ್ಟು ಮಾತಾಡುತ್ತವೆಂಬುದನ್ನು ನೋಡಬೇಕು. ಆ ಕಾಲೇಜಿನಲ್ಲಿ 1837ರಲ್ಲಿ ಛೇದಿಸಿದ ಶರೀರಗಳು 60, ಮರುವರ್ಷ 120, 1844ರಲ್ಲಿ 500ಕ್ಕೂ ಮೇಲು. ಸಮಾಜದ ಅಂಜಿಕೆ ಏಳೆಂಟು ವರ್ಷಗಳಲ್ಲಿ ಹೇಗೆ ಸಡಿಲಿತೆಂಬುದನ್ನು ಈ ಮೂರು ಸಂಖ್ಯೆಗಳಿಂದ ಊಹಿಸಬಹುದು. ಆ ಶರೀರಗಳು ಯಾರವು? ವಾರಸುದಾರರಿಲ್ಲದ ಬಡವರ ದೇಹಗಳೇ ಬಹುಮಟ್ಟಿಗೆ ಎಲ್ಲ ದೇಶಗಳ ಛೇದನಶಾಲೆಗಳಿಗೂ ಸಲ್ಲುತ್ತಿದ್ದುವು. ಅವರ ಹೆಸರು ಎಲ್ಲಿಯಾದರೂ ಉಳಿದಿದ್ದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿಯೇ ಹೊರತು ಅಮೃತಶಿಲೆಯ ಫಲಕದಲ್ಲಲ್ಲ.

ಕಾಗದಕ್ಕೆ ಶತ್ರುಗಳು ಅನೇಕ. ಗೆದ್ದಲು, ತೇವ, ಬೂಷ್ಟು ಇವನ್ನು ಎಲ್ಲರೂ ಬಲ್ಲರು. ಮಾಚಿಕಾಯಿಯನ್ನೂ ಅನ್ನಭೇದಿಯನ್ನೂ ಬೆರೆಸಿ ಮಾಡಿದ ಮಸಿಯು ಕ್ರಮೇಣ ಕಾಗದವನ್ನೇ ಸುಟ್ಟು ಅಕ್ಷರದ ಆಕಾರದಲ್ಲಿ ತೂತು ಮಾಡುತ್ತದೆಂಬುದು ಕೆಲವರಿಗೇ ಗೊತ್ತು. ಇನ್ನೊಂದು ವಿಚಿತ್ರವೆಂದರೆ, ಚಿಂದಿಬಟ್ಟೆಯಿಂದ ತಯಾರಾದ 1836ರ ಕಾಗದವು ಮರದ ತಿರುಳಿನಿಂದಾದ 1900ರ ಕಾಗದಕ್ಕಿಂತ ಗಟ್ಟಿಯಾಗಿರುವುದುಂಟು. ಎರಡನೆಯದು ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ ಪುಡಿಯಾಗುತ್ತದೆ. ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆ, ಗಾಳಿಯಾಡುವ ಒಣ ಕೊಠಡಿ, ಹರಿದಲ್ಲಿ ಗಂಜಿಯಂಟಿನಿಂದ ಹಚ್ಚಿದ ತೆಳುಗಾಗದ, ಇಷ್ಟಿದ್ದರೆ ಬಹಳಷ್ಟು ಉಳಿಯುತ್ತದೆ. ಅಂಗಡಿಯ ಅಂಟುಪಟ್ಟಿಯನ್ನು ಮಾತ್ರ ಎಂದಿಗೂ ಹಚ್ಚಬಾರದು.

ಇವೆಲ್ಲಕ್ಕಿಂತ ದೊಡ್ಡ ಅಪಾಯವು ಸ್ಥಳಾಂತರ. ನಮ್ಮ ಮೈಸೂರು ವೈದ್ಯವಿದ್ಯಾಲಯವು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಯಾವ ಸಂಸ್ಥೆಯೇ ಆಗಲಿ, ಊರು ಬದಲಾಯಿಸುವಾಗ ಗಾಡಿಗೆ ಮೊದಲು ಏರುವುದು ಮೇಜು ಕುರ್ಚಿ. ಹಳೆಯ ಕಡತಗಳ ಸರದಿ ಕೊನೆಗೆ. ಕಡತಗಳು ಬಂದರೂ ಅವುಗಳ ಕ್ರಮ ಕೆಡಬಾರದು. ಬುದ್ಧಿವಂತನಾದ ಗುಮಾಸ್ತೆಯು ವಿಷಯಾನುಸಾರವಾಗಿ ಹೊಸದಾಗಿ ಜೋಡಿಸಿದನೆಂದರೆ, ಯಾವ ಪತ್ರಕ್ಕೆ ಯಾವುದು ಉತ್ತರವೆಂಬುದು ಅಲ್ಲಿಗೆ ಮುಗಿಯಿತು.

ರಕ್ಷಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಪಟ್ಟಿಯಿಲ್ಲದ ದಫ್ತರವೂ ಬೀಗದ ಕೈ ಕಳೆದ ಪೆಟ್ಟಿಗೆಯೂ ಒಂದೇ. ಈಗ ಯಂತ್ರದಿಂದ ಪ್ರತಿ ತೆಗೆದು ದೂರದ ಓದುಗರಿಗೂ ತೋರಿಸಬಹುದಾಗಿದೆ; ಆದರೂ ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂದು ಬರೆದಿಡದೆ ತೆಗೆದ ಸಾವಿರ ಚಿತ್ರಗಳು ಸಾವಿರ ಒಗಟುಗಳಷ್ಟೆ. ಹಾಗೆಂದು ಎಲ್ಲವನ್ನೂ ಎಲ್ಲರಿಗೂ ತೆರೆಯುವಂತಿಲ್ಲ. ರೋಗಿಯು ವೈದ್ಯನಿಗೆ ಹೇಳಿಕೊಂಡದ್ದು ಊರಿಗೆ ಹೇಳಿದ್ದಲ್ಲ. ಅಮೆರಿಕದಲ್ಲಿ 2013ರ ನಿಯಮದಂತೆ ವ್ಯಕ್ತಿಯು ಸತ್ತು 50 ವರ್ಷ ಕಳೆಯುವವರೆಗೆ ಅವನ ಆರೋಗ್ಯವಿಚಾರಕ್ಕೆ ರಕ್ಷಣೆಯುಂಟು. ನಮ್ಮ ಅಭಿಪ್ರಾಯದಲ್ಲಿ ಅಧ್ಯಾಪಕರ ನೇಮಕ, ಪಾಠಕ್ರಮ, ಖರ್ಚುವೆಚ್ಚ ಇವನ್ನು ಧಾರಾಳವಾಗಿ ತೋರಿಸಬೇಕು. ರೋಗಿಗಳ ರಿಜಿಸ್ಟರನ್ನು ಹೆಸರು ಮರೆಮಾಡಿ, ಕೆಲಸದ ಉದ್ದೇಶವನ್ನು ಬರೆಯಿಸಿಕೊಂಡು ಕೊಡಬೇಕು. ವಾಸ್ತವದಲ್ಲಿ ಗೋಪ್ಯದ ನೆವದಿಂದ ಲೆಕ್ಕಪತ್ರವನ್ನು ಮುಚ್ಚಿಟ್ಟು, ರೋಗಿಗಳ ಚೀಟಿಗಳನ್ನು ರದ್ದಿಗೆ ತೂಗುವುದೂ ಉಂಟು.

ಶ್ರೋತೃಗಳಲ್ಲಿ ಅನೇಕರ ಮನೆಗಳಲ್ಲಿ ತಂದೆಯೋ ತಾತನೋ ವೈದ್ಯವಿದ್ಯಾರ್ಥಿಯಾಗಿದ್ದಾಗ ಬರೆದ ಟಿಪ್ಪಣಿಪುಸ್ತಕಗಳು, ತರಗತಿಯ ಭಾವಚಿತ್ರಗಳು ಟ್ರಂಕಿನ ತಳದಲ್ಲಿರಬಹುದು. ಚಿತ್ರದಲ್ಲಿರುವವರ ಹೆಸರುಗಳನ್ನು ಬಲ್ಲವರು ಮನೆಯಲ್ಲಿರುವಾಗಲೇ, ಹಿಂಬದಿಯಲ್ಲಿ ಮೆದು ಸೀಸದ ಕಡ್ಡಿಯಿಂದ, ಒತ್ತದೆ, ಹೆಸರನ್ನೂ ವರ್ಷವನ್ನೂ ಬರೆಯಿಸಿ, ಆಯಾ ಕಾಲೇಜಿನ ಪುಸ್ತಕಭಂಡಾರಕ್ಕೆ ರಸೀತಿ ಪಡೆದು ಒಪ್ಪಿಸಬಹುದು.